ಮುರಿಯುವುದಾದರೆ ಯಾರದನ್ನು ಮುರಿಯುತ್ತೀರಿ?

2025ರ ಯುಗಾದಿಗೆ ಕೊತ್ತತ್ತಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅಮೆರಿಕದ ಸ್ಯಾನ್ ಹೋಸೆಯಿಂದ ಅವಳ ಮಗಳು, ಅಳಿಯ, ಎರಡು ಮಕ್ಕಳು ಬಂದಿದ್ದರು. ಮಂಡ್ಯದಿಂದ ಬೀಗರೂ ಬಂದಿದ್ದರು. ಹೊಸತೊಡಕಿನ ಊಟ ಮುಗಿದು ಗಂಡಸರು ಜಗುಲಿಯ ಮೇಲೆ ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕುಳಿತಾಗ ಮನೆಯ ಮಾತು ಬಂತು. ಜೂನ್ ಹೊತ್ತಿಗೆ ಎಲ್ಲರೂ ಇಲ್ಲಿಗೇ ವಾಪಸು ಬಂದುಬಿಡುವುದೆಂದು ತೀರ್ಮಾನವಾಗಿತ್ತು. ಹದಿನೈದು ವರ್ಷ ಬಾಡಿಗೆ ಮನೆಯಲ್ಲೇ ಕಳೆದ ಅವರಿಗೆ ಇದೇ ಮೊದಲ ಸ್ವಂತ ಮನೆ. ಬೀಗರು ಮೈಸೂರಿನಲ್ಲಿ ಒಂದನ್ನು ನೋಡಿಟ್ಟಿದ್ದರು. ಒಂದು ಕೋಟಿ ಇಪ್ಪತ್ತು ಲಕ್ಷ. ಎಲ್ಲ ಕೂಡಿಸಿದರೂ ನಲವತ್ತು ಲಕ್ಷದಷ್ಟು ಸಾಲದು.

"ಸಾಲ ಗೀಲ ಯಾಕೆ ಅಂಟುಸ್ಕಬೇಕು? ಹುಡ್ಗೀದು ಅಲ್ಲೊಂದು ಪಿಎಫ್ ಅದಂತಲ್ಲ, ಅದ ಮುರುಸ್ಬುಟ್ರೆ ಆಯ್ತದೆ. ಅವಳ್ದು ಚಿಕ್ದು, ಲುಕ್ಸಾನೂವೆ ಚಿಕ್ದು" ಎಂದರು ಬೀಗರು. ಅಳಿಯ ತಲೆಯಾಡಿಸಿದ. ಬಾಗಿಲ ಬಳಿ ನಿಂತಿದ್ದ ಹುಡುಗಿ ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ.

ನನಗೆ ಸಿಟ್ಟು ಬಂದದ್ದು "ಅವಳ್ದು ಚಿಕ್ದು" ಎಂಬ ಮಾತಿಗೆ. ಮನೆಯಲ್ಲಿ ಇಬ್ಬರ ಗಂಟಿದ್ದಾಗ ಮೊದಲು ಬಿಚ್ಚುವುದು ಯಾವಾಗಲೂ ಹೆಂಗಸಿನ ಗಂಟನ್ನೇ ಎಂಬುದು ಮೂವತ್ತು ವರ್ಷದ ಸಂಸಾರದಲ್ಲಿ ನಾನು ಕಂಡುಕೊಂಡ ಸತ್ಯ. ಬಳೆ ಮೊದಲು ಗಿರವಿಗೆ ಹೋಗುತ್ತದೆ, ಉಂಗುರ ಆಮೇಲೆ. ಆದರೆ ಬಳೆಯನ್ನು ಬಿಡಿಸಿಕೊಂಡು ಬರಬಹುದು. ಮುದಿತನಕ್ಕೆಂದು ಕಟ್ಟಿಟ್ಟ ಹಣವನ್ನು ನಲವತ್ತರ ವಯಸ್ಸಿನಲ್ಲಿ ಮುರಿದು ಸುಣ್ಣ ಬಣ್ಣಕ್ಕೆ ಹಾಕಿದರೆ ಅದನ್ನು ಬಿಡಿಸಿಕೊಂಡು ಬರುವ ಅಂಗಡಿ ಯಾವುದೂ ಇಲ್ಲ.

ಆ ಹಣ ಯಾವುದೆಂದು ಸ್ವಲ್ಪ ಹೇಳಬೇಕು. ಅಮೆರಿಕದವರು ಅದನ್ನು 401(ಕೆ) ಎನ್ನುತ್ತಾರೆ. 1978ರಲ್ಲಿ ಅವರ ತೆರಿಗೆ ಕಾನೂನಿಗೆ ಸೇರಿದ ಒಂದು ಕಲಮಿನ ಸಂಖ್ಯೆಯೇ ಹೆಸರಾಗಿ ನಿಂತಿದೆ. ಸಂಬಳದಲ್ಲಿ ತೆರಿಗೆಗೆ ಮೊದಲೇ ಒಂದು ಪಾಲು ಮುರಿದುಕೊಂಡು ಅವಳ ಹೆಸರಿನಲ್ಲಿ ಹೂಡುತ್ತಾರೆ, ಕಂಪನಿಯೂ ಸಾಮಾನ್ಯವಾಗಿ ಸ್ವಲ್ಪ ಸೇರಿಸುತ್ತದೆ. ನಮ್ಮ ಪಿಎಫ್ ಇದ್ದ ಹಾಗೆಯೇ, ಆದರೆ ಬಡ್ಡಿ ಇಷ್ಟೇ ಎಂದು ಸರ್ಕಾರ ಹೇಳುವುದಿಲ್ಲ. ಷೇರುಪೇಟೆ ಏರಿದರೆ ಏರುತ್ತದೆ, 2008ರಲ್ಲಿ ಆದಂತೆ ಬಿದ್ದರೆ ಬೀಳುತ್ತದೆ. ಐವತ್ತೊಂಬತ್ತೂವರೆ ವರ್ಷ ತುಂಬುವ ಮೊದಲು ತೆಗೆದರೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ತೆರಿಗೆಯ ಜೊತೆಗೆ ನೂರಕ್ಕೆ ಹತ್ತು ದಂಡ. ಮೊದಲ ಮನೆ ಕೊಳ್ಳಲು ವಿನಾಯಿತಿ ಇದೆ ಎಂದು ಅಳಿಯ ವಾದಿಸಿದ. ಇರುವುದು ನಿಜ, ಆದರೆ ಅದು ಐಆರ್‌ಎ ಎಂಬ ಬೇರೆ ಬಗೆಯ ಖಾತೆಗೆ. ಅದೂ ಜೀವಮಾನಕ್ಕೆ ಒಟ್ಟು 10,000 ಡಾಲರಿಗೆ ಮಾತ್ರ. 1997ರಲ್ಲಿ ಇಟ್ಟ ಮಿತಿಯನ್ನು ಮನೆಯ ಬೆಲೆ ಎಷ್ಟೇ ಏರಿದರೂ ಬದಲಾಯಿಸಿಲ್ಲ.

ಅವಳ ಗಂಟು ಚಿಕ್ಕದಾದದ್ದು ಹೇಗೆ ಎಂದು ಜಗುಲಿಯಲ್ಲಿ ಯಾರೂ ಕೇಳಲಿಲ್ಲ. ಮಂಡ್ಯದ ಪಿಇಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಹುಡುಗಿ, ಕಾಲೇಜಿನಲ್ಲಿ ಗಂಡನಾದವನಿಗಿಂತ ಒಳ್ಳೆಯ ಅಂಕ ತೆಗೆದವಳು. 2010ರಲ್ಲಿ ಮದುವೆಯಾಗಿ ಹೋದದ್ದು ಎಚ್-4 ವೀಸಾದ ಮೇಲೆ. ದುಡಿಯಲು ಬಂದವನ ಹೆಂಡತಿಗೆ ಕೊಡುವ ಚೀಟಿ ಅದು. ಆ ಚೀಟಿಯವರು ಅಲ್ಲಿ ಒಂದು ಡಾಲರನ್ನೂ ಸಂಪಾದಿಸುವಂತಿರಲಿಲ್ಲ. 2015ರ ಮೇ ತಿಂಗಳಲ್ಲಿ ನಿಯಮ ಬದಲಾಯಿತು. ಗಂಡನ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಯೂ ದುಡಿಯಬಹುದು ಎಂದಾಯಿತು. ಇವಳಿಗೆ ಕೆಲಸ ಸಿಕ್ಕಿದ್ದು 2016ರಲ್ಲಿ. ಆ ಆರು ವರ್ಷ ಅವಳು ಎರಡು ಬಾಣಂತನ ಮುಗಿಸಿ, ಅಡಿಗೆ ಮಾಡಿ, ಗಂಡನ ಅಂಗಿ ಇಸ್ತ್ರಿ ಮಾಡಿ, ಅವನ ಗಂಟನ್ನು ದೊಡ್ಡದು ಮಾಡಿದಳು. ಈಗ ಅವಳ ಗಂಟು ಚಿಕ್ಕದು ಎಂಬ ಕಾರಣಕ್ಕೇ ಅದನ್ನು ಮುರಿಯಬೇಕಂತೆ! ಇದು ಯಾವ ಊರಿನ ನ್ಯಾಯ?

ಅಂದು ರಾತ್ರಿ ಅವಳನ್ನು ಒಳಗೆ ಕೂರಿಸಿಕೊಂಡು ಕಾಗದ ಪತ್ರವೆಲ್ಲ ತರಿಸಿದೆ. ಉತ್ತರಪತ್ರಿಕೆ ತಿದ್ದಿ ತಿದ್ದಿ ನನಗೆ ಕೈಯಲ್ಲಿ ಕೆಂಪು ಪೆನ್ನು ಇಲ್ಲದೆ ಲೆಕ್ಕವೇ ಬರುವುದಿಲ್ಲ. ಅವಳ ಖಾತೆಯಲ್ಲಿ ಇದ್ದದ್ದು ಸುಮಾರು 60,000 ಡಾಲರು. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 51 ಲಕ್ಷ. ಅಳಿಯ ನೂರಕ್ಕೆ ಇಪ್ಪತ್ತು ಕಳೆದು ನಲವತ್ತು ಲಕ್ಷ ಚಿಲ್ಲರೆ ಬರುತ್ತದೆಂದು ಲೆಕ್ಕ ಹಾಕಿದ್ದ. ಆ ಇಪ್ಪತ್ತು, ಹಣ ಕೊಡುವ ಹೊತ್ತಿಗೆ ಅವರು ಹಿಡಿದುಕೊಳ್ಳುವ ಮುಂಗಡ ಮಾತ್ರ. ಮುಂದಿನ ವರ್ಷ ತೆರಿಗೆ ಲೆಕ್ಕ ಸಲ್ಲಿಸುವಾಗ ಉಳಿದ ಬಾಕಿ ಬಂದು ಬಾಗಿಲು ತಟ್ಟುತ್ತದೆ. ದಂಡ 10, ಇಬ್ಬರ ಆ ಅರ್ಧ ವರ್ಷದ ಸಂಬಳದ ಮೇಲೆ ಸೇರಿ ಕೇಂದ್ರದ ತೆರಿಗೆ ಅವರ ಮಟ್ಟಿಗೆ 22, ಕ್ಯಾಲಿಫೋರ್ನಿಯಾ ರಾಜ್ಯದ ತೆರಿಗೆ 9.3, ಆ ರಾಜ್ಯ ತನ್ನದೇ ಆಗಿ ಹಾಕುವ ದಂಡ 2.5. ಕೂಡಿದರೆ ನೂರಕ್ಕೆ 43.8. ಅಂದರೆ 26,280 ಡಾಲರು ಹೋಗಿ ಕೈಗೆ ಸಿಗುವುದು 33,720. ರೂಪಾಯಿಯಲ್ಲಿ 28 ಲಕ್ಷದ 66 ಸಾವಿರ. ನಲವತ್ತು ಲಕ್ಷದ ಹಳ್ಳ ಮುಚ್ಚಲು 51 ಲಕ್ಷ ಸುರಿದರೂ ಹಳ್ಳ ಮುಚ್ಚುವುದಿಲ್ಲ. ಇಪ್ಪತ್ತೆರಡು ಲಕ್ಷ ಚಿಲ್ಲರೆ ಗಾಳಿಗೆ. ಮಂಡ್ಯದಲ್ಲಿ ಯಾವ ಬಡ್ಡಿ ವ್ಯಾಪಾರಿಯೂ ಒಂದೇ ದಿನದಲ್ಲಿ ಇಷ್ಟು ತಿನ್ನುವುದಿಲ್ಲ.

ಮುಟ್ಟದೆ ಬಿಟ್ಟರೆ? ವರ್ಷಕ್ಕೆ ನೂರಕ್ಕೆ ಆರರಂತೆ ಬೆಳೆದರೂ ಹನ್ನೆರಡು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಎಂಟನೇ ತರಗತಿಯ ಚಕ್ರಬಡ್ಡಿ ಲೆಕ್ಕ. ಅವಳಿಗೆ ಈಗ ಮೂವತ್ತೆಂಟು, ಅರವತ್ತೆರಡಕ್ಕೆ ಎರಡು ಸಲ ದುಪ್ಪಟ್ಟು. ಬೆಳೆದೇ ಬೆಳೆಯುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ, ಒಪ್ಪುತ್ತೇನೆ. ಆದರೆ ಮುರಿದರೆ ಆಗುವ ನಷ್ಟವನ್ನು ಕಾನೂನೇ ಬರೆದುಕೊಟ್ಟಿದೆಯಲ್ಲ! ಕೆಲಸ ಬಿಟ್ಟ ಮೇಲೂ ಆ ಹಣವನ್ನು ಅಲ್ಲೇ ಬಿಡಬಹುದು, ಇಲ್ಲವೇ ಐಆರ್‌ಎಗೆ ಸಾಗಿಸಬಹುದು, ಅದಕ್ಕೆ ದಂಡವಿಲ್ಲ. ಆ ರಾಜ್ಯ ಬಿಟ್ಟು ಬಂದವರ ನಿವೃತ್ತಿ ಹಣದ ಮೇಲೆ ರಾಜ್ಯಗಳು ತೆರಿಗೆ ಹಾಕುವಂತಿಲ್ಲ ಎಂದು 1996ರಿಂದ ಅಲ್ಲಿನ ಕೇಂದ್ರದ ಕಾನೂನಿದೆ. ಅಂದರೆ ಅಲ್ಲಿ ಇದ್ದುಕೊಂಡು ಮುರಿಯುವುದೇ ಎಲ್ಲಕ್ಕಿಂತ ದುಬಾರಿ. ಬೇರೆ ದೇಶದವರ ಪಾಡೂ ಹೀಗೆಯೇ. ಆಸ್ಟ್ರೇಲಿಯಾದಲ್ಲಿ ತಾತ್ಕಾಲಿಕ ವೀಸಾದ ಮೇಲೆ ದುಡಿದು ದೇಶ ಬಿಡುವವರು ತಮ್ಮ ನಿವೃತ್ತಿ ಹಣ ತೆಗೆದರೆ ಸಾಮಾನ್ಯವಾಗಿ ನೂರಕ್ಕೆ 35 ತೆರಿಗೆಗೆ ಹೋಗುತ್ತದೆ.

ಕಾಗದಗಳ ನಡುವೆ ಇನ್ನೊಂದು ಇತ್ತು, ಅದನ್ನು ಅವಳೂ ಸರಿಯಾಗಿ ಓದಿರಲಿಲ್ಲ. ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರದ ಪಿಂಚಣಿಯ ಲೆಕ್ಕ. ಸಂಬಳದಲ್ಲಿ ಪ್ರತಿ ತಿಂಗಳೂ ಅದಕ್ಕೆ 6.2 ಪಾಲು ಕಡಿತವಾಗಿದೆ. ಅದು ಸಿಗಬೇಕಾದರೆ ಆಯಾ ವರ್ಷದ ಗಳಿಕೆಯ ಲೆಕ್ಕದಲ್ಲಿ, ವರ್ಷಕ್ಕೆ ನಾಲ್ಕು ಮೀರದಂತೆ, ನಲವತ್ತು ಅಂಕ ಕೂಡಬೇಕು. ನಲವತ್ತಾಗದೆ ಬಂದರೆ ಅವಳು ದುಡಿದ ಲೆಕ್ಕದಲ್ಲಿ ಪಿಂಚಣಿ ಇಲ್ಲ, ಕಟ್ಟಿದ್ದೂ ವಾಪಸಿಲ್ಲ. ಜರ್ಮನಿಯಂಥ ದೇಶಗಳ ಜೊತೆ ಭಾರತಕ್ಕೆ ಈ ವಿಷಯದಲ್ಲಿ ಒಪ್ಪಂದವಿದೆ, ಅಮೆರಿಕದ ಜೊತೆ ವರ್ಷಗಟ್ಟಲೆ ಮಾತಾಡಿದರೂ ಆಗಿಲ್ಲ. 2016ರಿಂದ 2024ರವರೆಗೆ ಇವಳಿಗೆ ಕೂಡಿದ್ದು 36. ಉಳಿದ ನಾಲ್ಕು ಆ ವರ್ಷದ ಸಂಬಳದಿಂದ ಕೂಡಬೇಕು. ಗಂಡನದು ಎಂದೋ ತುಂಬಿದೆ, ಆದ್ದರಿಂದ ಮನೆಯಲ್ಲಿ ಯಾರಿಗೂ ಈ ವಿಷಯ ನೆನಪಾಗಲಿಲ್ಲ.

"ನಿನಗಾದರೂ ಗೊತ್ತಿರಬಾರದೇನೇ?" ಎಂದೆ.

"ಗೊತ್ತಿತ್ತು ದೊಡ್ಡಮ್ಮ, ಹೇಳಿದ್ರೆ ನಾನು ಬರೋಕೆ ಇಷ್ಟ ಇಲ್ದೆ ನೆಪ ಹೇಳ್ತೀನಿ ಅಂದ್ಕೋತಾರೆ ಅಂತ ಸುಮ್ಮನಾದೆ" ಎಂದಳು.

ಇದಕ್ಕಿಂತ ದೊಡ್ಡ ಮಾತು ಮುಂದಿದೆ. ಅಕ್ಕತಂಗಿಯರು ಇದನ್ನು ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಮದುವೆಯ ನಂತರ ಗಂಡಹೆಂಡಿರು ಗಳಿಸಿದ್ದು ಇಬ್ಬರಿಗೂ ಸಮಪಾಲು, ಹೆಸರು ಯಾರದೇ ಇರಲಿ. ಗಂಡನ 401(ಕೆ) ಹಣ ಅವನು ಸತ್ತರೆ ಹೆಂಡತಿಗೇ ಸೇರಬೇಕು, ಬೇರೆಯವರಿಗೆ ಹೋಗಬೇಕಾದರೆ ಹೆಂಡತಿ ಬರೆದುಕೊಟ್ಟು ಒಪ್ಪಬೇಕು ಎಂಬುದು 1984ರಿಂದ ಇಡೀ ಆ ದೇಶದ ಕಾನೂನು. ಆ ದೇಶದ ಎಲ್ಲವನ್ನೂ ಹೊಗಳುವವಳು ನಾನಲ್ಲ. ಆದರೆ ಇದೊಂದನ್ನು ನೋಡಿ. ಹಣ ಅಲ್ಲಿರುವಷ್ಟು ದಿನ ಅದರ ಮೇಲೆ ಅವಳ ಕೈ ಇದೆ. ಅದೇ ಹಣ ಸಮುದ್ರ ದಾಟಿ ಮೈಸೂರಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂತೋ, ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಅವರದೇ ಆಸ್ತಿ. ಗೋವೆಯನ್ನು ಬಿಟ್ಟರೆ ನಮ್ಮಲ್ಲಿ ದಂಪತಿಗಳ ಸಮಪಾಲಿನ ಕಾನೂನು ಇಲ್ಲ. ಬೀಗರು ಆಡಿದ ಮಾತಿನ ಕೊನೆಯಲ್ಲಿ "ಅವರು ಬರಗಂಟ ತಡಿಯಕಾಗಕಿಲ್ಲ, ಸದ್ಯಕ್ಕೆ ನನ್ನ ಹೆಸ್ರಲ್ಲೇ ರಿಜಿಸ್ಟ್ರಿ ಮಾಡ್ಸುವ" ಎಂಬುದೂ ಇತ್ತು.

ಮಾವನ ಹೆಸರಿನಲ್ಲಿ ಮನೆ ಕೊಂಡರೆ ಏನಾಗುತ್ತದೆ? ಅವರು ವಿಲ್ ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅದು ಅವರ ಹೆಂಡತಿಗೂ ಎಲ್ಲ ಗಂಡುಹೆಣ್ಣು ಮಕ್ಕಳಿಗೂ ಸಮನಾಗಿ ಹಂಚಿಹೋಗುತ್ತದೆ. ಆ ಪಟ್ಟಿಯಲ್ಲಿ ಮಗ ಬದುಕಿರುವಾಗ ಸೊಸೆಯ ಹೆಸರು ಇಲ್ಲ. ಇವಳ ಮುದಿತನದ ಗಂಟಿನಲ್ಲಿ ಮೈದುನನಿಗೆ ಪಾಲು, ನಾದಿನಿಗೆ ಪಾಲು, ಇವಳಿಗೆ ಸೊನ್ನೆ. ನಾದಿನಿಗೆ ತವರಿನ ಪಾಲು ಸಿಗಬಾರದೆಂದು ನಾನು ಹೇಳುತ್ತಿಲ್ಲ. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ಅತ್ತಿಗೆಯ ಸಂಬಳ ಪಿತ್ರಾರ್ಜಿತವಲ್ಲವಲ್ಲ. "ಸದ್ಯಕ್ಕೆ" ಎಂಬ ಪದ ನಮ್ಮ ಕಡೆ ಎಷ್ಟು ವರ್ಷ ಬಾಳುತ್ತದೆ ಎಂದು ನಿಮಗೂ ಗೊತ್ತು.

ನೀನು ಏನು ಮಾಡಿದೆ ಎಂದು ಕೇಳಬಹುದು. ಕೇಳಬೇಕು. 2008ರಲ್ಲಿ ಮಂಡ್ಯದಲ್ಲಿ ಮನೆ ಕಟ್ಟುವಾಗ ನನ್ನ ಜಿಪಿಎಫ್‌ನಿಂದ ಎರಡು ಲಕ್ಷದ ನಲವತ್ತು ಸಾವಿರ ತೆಗೆದೆ. ಅರ್ಜಿಯಲ್ಲಿ ಕಾರಣ ಬರೆಯುವ ಕಡೆ "ಗೃಹ ನಿರ್ಮಾಣ" ಎಂದು ಮುದ್ದಾದ ಅಕ್ಷರದಲ್ಲಿ ಬರೆದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನಿವೇಶನ ಯಜಮಾನರ ಹೆಸರಿನಲ್ಲಿತ್ತು, ಆದ್ದರಿಂದ ಮನೆಯೂ ಖಾತೆಯೂ ಅವರದೇ. ನನಗೆ ಏನೂ ಅನಿಸಲಿಲ್ಲ. ಯಾರ ಹೆಸರಾದರೇನು, ಅಡಿಗೆಮನೆಯ ಕಟ್ಟೆಯ ಎತ್ತರ ನಾನು ಹೇಳಿದ ಹಾಗೆ ಬಂತಲ್ಲ ಎಂದು ಹಿಗ್ಗಿದ್ದೆ. 2019ರಲ್ಲಿ ಒಂದು ದಿನ ಬ್ಯಾಂಕೊಂದರಿಂದ ಲಕೋಟೆ ಬಂತು. ಮೈದುನನ ವ್ಯಾಪಾರದ ಸಾಲಕ್ಕೆ ಆ ಮನೆಯನ್ನು ಆಧಾರವಾಗಿ ಕೊಟ್ಟಿದ್ದರು. ನನ್ನನ್ನು ಕೇಳಿರಲಿಲ್ಲ. ಕೇಳುವ ಅಗತ್ಯವೂ ಕಾನೂನಿನಲ್ಲಿ ಇರಲಿಲ್ಲ. ಯಜಮಾನರು ಕೆಟ್ಟವರಲ್ಲ, ತಮ್ಮನ ಕಣ್ಣೀರು ನೋಡಲಾರದೆ ಸಹಿ ಹಾಕಿದರು. 2022ರಲ್ಲಿ ಸಾಲ ತೀರಿತು. ನಡುವಿನ ಮೂರು ವರ್ಷ ನಾನು ಆ ಅಡಿಗೆ ಕಟ್ಟೆಯ ಮುಂದೆ ನಿಂತು ಏನೇನು ಯೋಚಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಆದರೂ ನಾನು ಪುಣ್ಯವಂತೆ. 2006ರ ಏಪ್ರಿಲ್ ಒಂದಕ್ಕೆ ಮೊದಲೇ ಸರ್ಕಾರಿ ಕೆಲಸಕ್ಕೆ ಸೇರಿದವಳು. ಜಿಪಿಎಫ್ ಕರಗಿದರೂ ಕೊನೆಯವರೆಗೆ ಪಿಂಚಣಿ ಉಂಟು. ನನ್ನ ಪಕ್ಕದ ಕುರ್ಚಿಯ ವಿಜ್ಞಾನದ ಮೇಡಂ ಆಮೇಲೆ ಸೇರಿದವರು, ಅವರದು ಎನ್‌ಪಿಎಸ್. ಅವರೂ ನನ್ನ ಹಾಗೆ ಮಾಡಿದರೆ ನನ್ನಂತೆ ಉಳಿಯುವುದಿಲ್ಲ. ಅಮೆರಿಕದ ನಮ್ಮ ಹುಡುಗಿಗಂತೂ ಆ ಗಂಟು ಬಿಟ್ಟರೆ ಮುಪ್ಪಿಗೆ ಬೇರೆ ಆಸರೆಯೇ ಇಲ್ಲ. ಹಳೆಯ ಪಿಂಚಣಿಯವರು ತಮ್ಮ ಅನುಭವವನ್ನು ಹೊಸಬರಿಗೆ ಬುದ್ಧಿಮಾತಾಗಿ ಹೇಳುವುದು ಬಲು ಅಪಾಯ. "ನಾವೂ ಪಿಎಫ್ ತೆಗೆದೇ ಕಟ್ಟಿದ್ದು" ಎಂದು ಬೀಗರು ಹೇಳಿದಾಗ ನನಗೆ ಅದೇ ಹೊಳೆದದ್ದು. ಅವರೂ ಸರ್ಕಾರದ ಪಿಂಚಣಿ ಎಣಿಸುವವರೇ.

ಇದಕ್ಕೆ ಎದುರು ಮಾತು ಇದೆ, ಅದೂ ಗಟ್ಟಿಯಾದದ್ದು. ಅವರವರ ಹಣ, ಅವರಿಗೆ ಬೇಕಾದಾಗ ತೆಗೆಯಬೇಡವೇ? 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇದೇ ಮಾತಿಗೆ ಬೀದಿಗಿಳಿದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಆ ಫೆಬ್ರವರಿಯಲ್ಲಿ ನಿಯಮ ಮಾಡಿತ್ತು. ಸಾವಿರಾರು ಹೆಂಗಸರು ಯಾವ ದೊಡ್ಡ ನಾಯಕರನ್ನೂ ಕಾಯದೆ ಎರಡು ದಿನ ಹೆದ್ದಾರಿ ತಡೆದರು. ಏಪ್ರಿಲ್ 19ರಂದು ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ನಾನು ಅಂದೂ ಅವರ ಪರ, ಇಂದೂ ಅವರ ಪರ. ತಿಂಗಳ ಸಂಬಳ ತಿಂಗಳಿಗೇ ಸಾಲದವಳಿಗೆ ಪಿಎಫ್ ಒಂದೇ ಇಡುಗಂಟು, ಮಗಳ ಕಾಲೇಜಿಗೋ ತಾಯಿಯ ಆಪರೇಷನ್ನಿಗೋ ಅದನ್ನು ತೆಗೆಯುವುದು ಅವಳ ಹಕ್ಕು. ಆದರೆ ಗಮನಿಸಿ, ಅಲ್ಲಿ ತೆಗೆಯಬೇಕೆಂದು ಕೂಗಿದವಳು ಅವಳೇ. ಇಲ್ಲಿ ಜಗುಲಿಯ ಮೇಲೆ ಕೂತು ತೀರ್ಮಾನ ಹೇಳಿದವರು ಯಾರು? ನಮ್ಮ ಪಿಎಫ್ ಯೋಜನೆಯಲ್ಲೇ ಬಹಳ ಕಾಲದಿಂದ ಒಂದು ಅಂಶವಿತ್ತು. ಕೆಲಸ ಬಿಟ್ಟವರು ಹಣಕ್ಕೆ ಎರಡು ತಿಂಗಳು ಕಾಯಬೇಕು, ಮದುವೆಗಾಗಿ ಕೆಲಸ ಬಿಡುವ ಹೆಣ್ಣುಮಕ್ಕಳು ಮಾತ್ರ ಕಾಯಬೇಕಾಗಿಲ್ಲ. ದಯೆಯೆಂದೇ ಬರೆದಿರಬಹುದು. ಆದರೆ ಮದುವೆ ಎಂದರೆ ಹೆಣ್ಣಿನ ಉಳಿತಾಯ ಕರಗುವ ಹೊತ್ತು ಎಂದು ಕಾನೂನು ಬರೆದವರಿಗೂ ಗೊತ್ತಿತ್ತು ಅನ್ನಿ.

ಸ್ವಂತ ಮನೆ ಬೇಡವೇ? ಬೇಕು. ಬಾಡಿಗೆ ಮನೆಯ ಓನರ್ ಅಮ್ಮ ನಲ್ಲಿಯ ನೀರಿಗೆ ಮಾಡಿದ ಜಗಳಗಳನ್ನು ನಾನು ಮರೆತಿಲ್ಲ. ಆದರೆ ಮೂರು ಮಲಗುವ ಕೋಣೆಯ ಮನೆಯೇ ಆಗಬೇಕೇ? ಮೈಸೂರೇ ಆಗಬೇಕೇ? 2023ರ ಮಾರ್ಚಿಯಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ನಮ್ಮ ಕಡೆ ಎಲ್ಲರಿಗೂ ಜಾಗದ ಹುಚ್ಚು. ನಾಲೆ ಬಯಲಿನ ಗದ್ದೆಯಲ್ಲೂ ಕಲ್ಲು ನೆಟ್ಟು ಸೈಟು ಎನ್ನುತ್ತಿದ್ದಾರೆ. ವಿದೇಶದಲ್ಲಿ ನೆಲೆಸಿದವರು ಇಲ್ಲಿ ಕೃಷಿ ಭೂಮಿ ಕೊಳ್ಳುವಂತಿಲ್ಲ ಎಂಬ ನಿಯಮ ದಲ್ಲಾಳಿಗಳ ಬಾಯಲ್ಲಿ ಬರುವುದೇ ಇಲ್ಲ. ಅನ್ಯಕ್ರಾಂತವಾಗದ ಗದ್ದೆಗೆ ಡಾಲರು ಸುರಿದವರ ಗತಿ ಏನು? ನಮ್ಮ ಬೀದಿಯಲ್ಲಿ ಎಂಬತ್ತು ಲಕ್ಷ ಬಾಳುತ್ತದೆಂದು ಹೇಳುವ ಮನೆಗೆ ಬಾಡಿಗೆ ಹದಿನಾಲ್ಕು ಸಾವಿರ. ಎರಡು ವರ್ಷ ಬಾಡಿಗೆಗಿದ್ದು, ಮಕ್ಕಳು ಇಲ್ಲಿನ ಶಾಲೆಗೆ ಒಗ್ಗುತ್ತವೆಯೋ ಇಲ್ಲವೋ ನೋಡಿ, ಆಮೇಲೆ ಕೊಂಡರೆ ಯಾರ ಮಾನ ಹೋಗುತ್ತದೆ?

ಸರ್ಕಾರವನ್ನೂ ಇಲ್ಲಿ ಬಿಡುವ ಹಾಗಿಲ್ಲ. ದೆಹಲಿಯಲ್ಲಿ ಮನೆ ಹೆಂಗಸಿನ ಹೆಸರಿಗಾದರೆ ಮುದ್ರಾಂಕ ಶುಲ್ಕ ಗಂಡಸಿಗಿಂತ ನೂರಕ್ಕೆ ಎರಡು ಕಡಿಮೆ. ಮಹಾರಾಷ್ಟ್ರದಲ್ಲಿ ಒಂದು ಪಾಲು ಕಡಿಮೆ. ಗೃಹಲಕ್ಷ್ಮಿ ಎಂದು 2023ರಲ್ಲಿ ತಿಂಗಳಿಗೆ ಎರಡು ಸಾವಿರ ಕೊಡಲು ಶುರುಮಾಡಿದ ನಮ್ಮ ರಾಜ್ಯ, ಗೃಹವನ್ನು ಆ ಲಕ್ಷ್ಮಿಯ ಹೆಸರಿಗೆ ಬರೆಸಿದರೆ ಒಂದು ಪೈಸೆ ಬಿಟ್ಟಿಲ್ಲ. ಬಿಡುವುದಿರಲಿ, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನೇ ಒಂದರಿಂದ ಎರಡಕ್ಕೆ ಏರಿಸಿತು. ಒಂದು ಪಾಲು ರಿಯಾಯಿತಿ ಇದ್ದಿದ್ದರೆ, ನನ್ನ ಬೀಗರಂಥ ಲೆಕ್ಕಾಚಾರದ ಮನುಷ್ಯರು ತಾವಾಗಿಯೇ ಸೊಸೆಯ ಹೆಸರು ಹೇಳುತ್ತಿದ್ದರು.

ಮಾರನೆಯ ದಿನ ಕಾಫಿಯ ಹೊತ್ತಿಗೆ ನನ್ನ ಕೆಂಪು ಲೆಕ್ಕದ ಹಾಳೆಯನ್ನು ಜಗುಲಿಗೆ ತಂದು ಅಳಿಯನ ಕೈಗೆ ಕೊಟ್ಟೆ. ಅವನು ಒಳ್ಳೆಯ ಹುಡುಗ, ಓದಿ ಸುಮ್ಮನಾದ. ಬೀಗರು ಮಾತ್ರ, "ಮೇಡಮ್ಮಾರೇ, ಇದು ಗಂಡೆಂಡ್ತಿ ವಿಚಾರ" ಎಂದರು. ಹಿಂದಿನ ದಿನ ಅದು ಗಂಡ ಹೆಂಡತಿಯ ವಿಚಾರವಾಗಿರಲಿಲ್ಲವೇ ಎಂದು ಕೇಳಿದೆ. ಆಗ ನನ್ನ ತಂಗಿಯ ಗಂಡ, ಇಡೀ ಹಬ್ಬದಲ್ಲಿ ನಾಲ್ಕು ಮಾತೂ ಆಡದ ಬೇಸಾಯಗಾರ, "ಕಬ್ಬ ಕಡುದ್ರೆ ಕೂಳೆ ಬತ್ತದೆ ಬೀಗರೇ, ಬುಡವೇ ಅಗುದ್ರೆ ಏನ್ ಬತ್ತದೆ?" ಎಂದು ಟವೆಲ್ ಕೊಡವಿ ಗದ್ದೆಯ ಕಡೆ ಹೊರಟುಹೋದರು.

ಅವರು ಬರುವುದನ್ನು ಒಂದು ವರ್ಷ ಮುಂದೂಡಿದರು. ಮೈಸೂರಿನ ಮನೆ ಬೇರೆ ಯಾರಿಗೋ ಹೋಯಿತು. ಬೀಗರು ನನ್ನೊಡನೆ ಮಾತು ಬಿಟ್ಟಿದ್ದಾರೆ, ಮದುವೆಮನೆಗಳಲ್ಲಿ ಎದುರಾದರೆ ಪಂಕ್ತಿ ಬದಲಾಯಿಸುತ್ತಾರೆ. ಅಕ್ಟೋಬರದಲ್ಲಿ ಹುಡುಗಿ ಸಂಬಳದ ಚೀಟಿಯ ಚಿತ್ರ ತೆಗೆದು ನನ್ನ ಮೊಬೈಲಿಗೆ ಕಳಿಸಿದಳು, ಕೆಳಗೆ "40/40, ಪಾಸ್ ದೊಡ್ಡಮ್ಮ" ಎಂದು ಬರೆದಿದ್ದಳು. ಗಂಟು ಮುರಿದಿಲ್ಲ. ಈಗ ಮಂಡ್ಯದಲ್ಲೇ ಎರಡು ಕೋಣೆಯ ಒಂದು ಮನೆ ನೋಡಿ, ಬ್ಯಾಂಕ್ ಸಾಲಕ್ಕೆ ಹಾಕಿದ್ದಾರೆ. ಕರಾರು ಪತ್ರದ ಕರಡನ್ನು ಓದಿ ನೋಡಿ ಎಂದು ನನಗೂ ಕಳಿಸಿದ್ದರು. ಕೊಳ್ಳುವವರು ಎಂಬಲ್ಲಿ ಮೂರು ಹೆಸರಿದ್ದವು, ಮೊದಲನೆಯದು ಮಾವನದು, ಕೊನೆಯದು ಅವಳದು. ಮೊದಲ ಹೆಸರಿನ ಸುತ್ತ ಕೆಂಪು ಸುತ್ತು ಹಾಕಿ ವಾಪಸು ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.